ಸೂರು ಯಾವುದು ಅಂತ ಕೇಳ್ತಾರೆ, ಸಾಲ ಎಷ್ಟು ಅಂತ ಕೇಳೋದಿಲ್ಲ



ಹತ್ತು ವರ್ಷಕ್ಕೊಮ್ಮೆ ಸರ್ಕಾರ ನಮ್ಮ ಮನೆ ಬಾಗಿಲಿಗೆ ಬರುತ್ತದೆ. ಓಟು ಕೇಳೋದಕ್ಕಲ್ಲ, ಎಣಿಸೋದಕ್ಕೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರ ಜನಗಣತಿಗೆ ಮುಂಚಿನ ಮನೆಪಟ್ಟಿ ಕೆಲಸಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲ ಗೊತ್ತು ಮಾಡಿದರು. ಈ ಗಣತಿಗೆ ಬರುವ ಮೇಷ್ಟ್ರು ಕೇಳುವ ಪ್ರಶ್ನೆಗಳು ನಮಗೆ ಹೊಸದೇನಲ್ಲ. ನೆಲ ಮಣ್ಣಿನದೋ ಸಿಮೆಂಟಿನದೋ? ಗೋಡೆ ಯಾವುದರದು? ಸೂರು ಹುಲ್ಲೋ, ಹಂಚೋ, ಶೀಟೋ, ಕಾಂಕ್ರೀಟೋ? ಕೋಣೆ ಎಷ್ಟು? ಕಕ್ಕಸು ಉಂಟೋ ಇಲ್ಲವೋ? ಒಲೆಗೆ ಸೌದೆಯೋ ಗ್ಯಾಸೋ? ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಒಂದನ್ನು ಮಾತ್ರ ಕೇಳೋದಿಲ್ಲ. ಈ ಸೂರು ಯಾವ ಸಾಲದ ಮೇಲೆ ನಿಂತಿದೆ?

ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ. ಬೆಳೆ ಬೆಲೆ, ಗೊಬ್ಬರದ ಬೆಲೆ, ಕರೆಂಟು, ಕಾಲುವೆ ನೀರು ಇವುಗಳ ಬಗ್ಗೆ ನಾವು ನಲವತ್ತು ವರ್ಷದಿಂದ ಕೂಗುತ್ತಾ ಬಂದಿದ್ದೇವೆ. ಮನೆಯ ಬಗ್ಗೆ ಮಾತಾಡಿದ್ದು ಕಡಿಮೆ. ಮನೆ ಅಂದರೆ ಅದು ಅವರವರ ಸಂಸಾರದ ವಿಷಯ ಅಂತ ಬಿಟ್ಟುಬಿಟ್ಟೆವು. ಆದರೆ ರೈತನ ಸಾಲದ ಬೇರು ಹುಡುಕುತ್ತಾ ಹೋದರೆ ಅರ್ಧ ಬೇರು ಹೊಲದಲ್ಲಿ ಸಿಗುತ್ತದೆ, ಇನ್ನರ್ಧ ಮನೆಯ ಬುನಾದಿಯಲ್ಲಿ ಸಿಗುತ್ತದೆ.

ಅಂಕಿ ಹೇಳುವ ಕಥೆ

ಮೊದಲು ಸರ್ಕಾರದ ಲೆಕ್ಕವನ್ನೇ ನೋಡೋಣ. 2011ರ ಗಣತಿಯಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಸುಮಾರು 78 ಲಕ್ಷ ಕುಟುಂಬಗಳು, ಪಟ್ಟಣಗಳಲ್ಲಿ ಸುಮಾರು 53 ಲಕ್ಷ ಕುಟುಂಬಗಳು. ಹಳ್ಳಿಯ ನೂರು ಮನೆಯಲ್ಲಿ ಸುಮಾರು 86ಕ್ಕೆ ವಿದ್ಯುತ್ ಇತ್ತು. ಮನೆಯ ಆವರಣದಲ್ಲೇ ಕಕ್ಕಸು ಇದ್ದದ್ದು 28 ಮನೆಗೆ ಮಾತ್ರ. ದೇಶದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 95 ಕುಟುಂಬ ಸ್ವಂತ ಮನೆಯಲ್ಲಿದ್ದವು. ಪಟ್ಟಣದಲ್ಲಿ 27 ಕುಟುಂಬ ಬಾಡಿಗೆ ಮನೆಯವು.

ಈ ಅಂಕಿ ನೋಡಿದ ಪಟ್ಟಣದವರು ಏನಂತಾರೆ ಗೊತ್ತಾ? 'ನಿಮಗೇನ್ರೀ, ಸ್ವಂತ ಮನೆ, ಬಾಡಿಗೆ ಕಟ್ಟೋ ಹಂಗಿಲ್ಲ' ಅಂತಾರೆ. ಬಾಡಿಗೆ ಇಲ್ಲ, ನಿಜ. ಆದರೆ ಬಡ್ಡಿ ಇದೆ.

2018ರಲ್ಲಿ ಕೇಂದ್ರದ ಮಾದರಿ ಸಮೀಕ್ಷೆಯವರು ಮತ್ತೆ ಮನೆ ನೋಡಿದರು. ದೇಶದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 77 ಮನೆ ಪಕ್ಕಾ ಮನೆ ಆಗಿವೆ ಅಂತ ಬರೆದರು. ಹಳ್ಳಿ ಮನೆಯ ಸರಾಸರಿ ವಿಸ್ತೀರ್ಣ 46.6 ಚದರ ಮೀಟರ್, ಅಂದರೆ ಸುಮಾರು 500 ಚದರ ಅಡಿ. ಇದೇ ಇಲಾಖೆಯವರು ಮಾರನೇ ವರ್ಷ 2019ರಲ್ಲಿ ರೈತ ಕುಟುಂಬಗಳ ಸ್ಥಿತಿಗತಿ ಕೇಳಿದರು. ಕರ್ನಾಟಕದ ನೂರು ರೈತ ಕುಟುಂಬದಲ್ಲಿ ಸುಮಾರು 68 ಸಾಲದಲ್ಲಿವೆ, ಸರಾಸರಿ ಬಾಕಿ 1,26,240 ರೂಪಾಯಿ ಅಂತ ಬಂತು. ಕೂಲಿ, ಹೈನು, ಬೆಳೆ ಎಲ್ಲ ಸೇರಿ ಒಂದು ಕುಟುಂಬದ ತಿಂಗಳ ವರಮಾನ 13,441 ರೂಪಾಯಿ. ದೇಶದ ಮಟ್ಟದಲ್ಲಿ ನೋಡಿದರೆ, ರೈತರ ಬಾಕಿ ಸಾಲದಲ್ಲಿ ನೂರಕ್ಕೆ 57 ಪಾಲು ಮಾತ್ರ ಬೇಸಾಯಕ್ಕೆ ಮಾಡಿದ್ದು. ಉಳಿದದ್ದು ಮನೆ, ಮದುವೆ, ಓದು, ಆಸ್ಪತ್ರೆ ಇಂಥ ಖರ್ಚಿನದು.

ಒಂದು ಪುಸ್ತಕದಲ್ಲಿ ಮನೆ ಪಕ್ಕಾ ಆಯಿತು ಅಂತ ಬರೆದಿದೆ. ಇನ್ನೊಂದು ಪುಸ್ತಕದಲ್ಲಿ ಸಾಲವೂ ಪಕ್ಕಾ ಆಯಿತು ಅಂತ ಬರೆದಿದೆ. ಎರಡು ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರು ವಿಧಾನಸೌಧದಲ್ಲಿ ಯಾರೂ ಇದ್ದ ಹಾಗೆ ಕಾಣೋದಿಲ್ಲ.

ಒಂದು ಮನೆಗೆ ಎಷ್ಟು ರಾಗಿ?

ನಮ್ಮ ಕಡೆ ಮೇಸ್ತ್ರಿಗಳು ಸಾಧಾರಣ ಮನೆಗೆ ಚದರ ಅಡಿಗೆ 1,600 ರೂಪಾಯಿ ಹೇಳುತ್ತಾರೆ. ಟೈಲ್ಸು, ಕಾಂಪೌಂಡು, ಆಡಂಬರ ಯಾವುದೂ ಇಲ್ಲದೆ. 500 ಚದರ ಅಡಿಗೆ ಎಂಟು ಲಕ್ಷ ಆಯಿತು. 2025-26ಕ್ಕೆ ಕೇಂದ್ರ ಸಾರಿದ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಭಾಗಿಸಿ ನೋಡಿ. ಎಂಟು ಲಕ್ಷಕ್ಕೆ 164 ಕ್ವಿಂಟಾಲ್ ರಾಗಿ ಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಬಂದರೆ ಅದು ಒಳ್ಳೇ ಮಳೆಗಾಲ. ಎರಡೆಕರೆಯವನಿಗೆ ವರ್ಷಕ್ಕೆ 16 ಕ್ವಿಂಟಾಲ್. ಹತ್ತು ವರ್ಷ ಒಂದು ಮುದ್ದೆಯನ್ನೂ ಉಣ್ಣದೆ, ಒಂದು ಚೀಲ ಗೊಬ್ಬರಕ್ಕೂ ದುಡ್ಡು ಕೊಡದೆ, ಒಂದು ವರ್ಷವೂ ಬರ ಬೀಳದೆ, ಅಷ್ಟನ್ನೂ ಬೆಂಬಲ ಬೆಲೆಗೇ ಮಾರಿದರೆ ಒಂದು ಮನೆ ಆಗುತ್ತದೆ. ಇಂಥ ರೈತ ಯಾವ ಊರಲ್ಲಿದ್ದಾನೆ ತೋರಿಸಿ.

ಹಿಂದೆ ಮನೆ ಕಟ್ಟುತ್ತಿರಲಿಲ್ಲವೇ ಅಂತ ಕೇಳಬಹುದು. ಕಟ್ಟುತ್ತಿದ್ದರು. ಮಣ್ಣು ನಮ್ಮ ಕೆರೆಯದು, ಕಲ್ಲು ನಮ್ಮ ಗುಡ್ಡದ್ದು, ತೊಲೆ ಜಂತೆ ನಮ್ಮ ಹೊಲದ ಬದುವಿನ ಮರದ್ದು, ಕೆಲಸ ಮುಯ್ಯಾಳಿನದು. ದುಡ್ಡು ಕೊಟ್ಟು ತರುತ್ತಿದ್ದದ್ದು ಹಂಚು, ಮೊಳೆ, ಬಾಗಿಲ ಚಿಲಕ. ಇವತ್ತು ಕೆರೆ ಮಣ್ಣಿಗೆ ಕೇಳಬೇಕು, ಹಳ್ಳದ ಮರಳಿಗೆ ಪರ್ಮಿಟ್ಟು ಬೇಕು, ನಾವೇ ಬೆಳೆಸಿದ ಮರ ಕಡಿಯೋದಕ್ಕೂ ಬಹಳ ಜಾತಿಗೆ 1976ರ ಮರ ಸಂರಕ್ಷಣಾ ಕಾಯಿದೆಯ ಅಪ್ಪಣೆ ಬೇಕು. ಊರಲ್ಲಿ ಸಿಗುತ್ತಿದ್ದ ಸಾಮಾನಿಗೆಲ್ಲ ಬೇಲಿ ಬಿತ್ತು. ಕಾರ್ಖಾನೆ ಸಾಮಾನು ಒಂದೇ ದಾರಿ ಅಂತಾಯಿತು.

ಆ ಕಾರ್ಖಾನೆ ಸಾಮಾನಿನ ಚರಿತ್ರೆಯನ್ನೂ ಮರೆಯಬಾರದು. 1982ರ ಫೆಬ್ರವರಿವರೆಗೆ ಸಿಮೆಂಟಿನ ಬೆಲೆ ಪೂರ್ತಿ ಸರ್ಕಾರದ ಹಿಡಿತದಲ್ಲಿತ್ತು, ಹತ್ತು ಚೀಲಕ್ಕೂ ಪರ್ಮಿಟ್ಟಿಗೆ ಅಲೆಯಬೇಕಿತ್ತು. ಆಮೇಲೆ ಅರ್ಧ ಸಡಿಲ ಮಾಡಿದರು, 1989ರ ಮಾರ್ಚ್‌ನಲ್ಲಿ ಪೂರ್ತಿ ಬಿಟ್ಟರು. ಕಾರ್ಖಾನೆಯವನಿಗೆ ತನ್ನ ಮಾಲಿಗೆ ತಾನೇ ಬೆಲೆ ಕಟ್ಟುವ ಹಕ್ಕು ಸಿಕ್ಕಿತು. ರೈತನಿಗೆ ಆ ಹಕ್ಕು ಇವತ್ತಿಗೂ ಬಂದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಮೆಂಟನ್ನು ಶೇಕಡಾ 28ರ ಸಾಲಿನಲ್ಲಿ ಕೂರಿಸಿದರು, ಮೋಟಾರು ಕಾರಿನ ಪಕ್ಕದಲ್ಲಿ. ಎಂಟು ವರ್ಷ ಹಾಗೇ ವಸೂಲಿ ಮಾಡಿ, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿಸಿದರು. ಕಬ್ಬಿಣಕ್ಕೂ ಶೇಕಡಾ 18. ಆ ಎಂಟು ವರ್ಷದಲ್ಲಿ ಗುಡಿಸಲು ಕಿತ್ತು ಗೋಡೆ ಎಬ್ಬಿಸಿದ ಪ್ರತಿಯೊಬ್ಬ ಬಡವನೂ ಕಾರು ಕೊಂಡವನ ದರದಲ್ಲಿ ತೆರಿಗೆ ಕಟ್ಟಿದ್ದಾನೆ. ಅವನ ಹೆಸರನ್ನು ತೆರಿಗೆದಾರ ಅಂತ ಯಾರೂ ಬರೆಯಲಿಲ್ಲ.

ಬೆಳೆಸಾಲ ತಾರಸಿಗೆ ಹೋಗುವ ದಾರಿ

ಎಂಟು ಲಕ್ಷ ಎಲ್ಲಿಂದ ಬರಬೇಕು? ಬ್ಯಾಂಕಿನಲ್ಲಿ ಗೃಹಸಾಲ ಇಲ್ಲವೇ ಅಂದರೆ, ಇದೆ. ಸಂಬಳದ ಚೀಟಿ ಇದ್ದವನಿಗೆ ಇದೆ. ರೈತ ಹೋದರೆ ಮೊದಲು ಕೇಳೋದು ಸಂಬಳದ ಚೀಟಿ, ಎರಡನೇದು ನಿವೇಶನದ ದಾಖಲೆ. ನಮ್ಮ ಮನೆಗಳು ಗ್ರಾಮಠಾಣದಲ್ಲಿ ತಾತನ ಹೆಸರಿನಲ್ಲಿವೆ, ಇಲ್ಲವೇ ದಾಯಾದಿಗಳ ನಡುವೆ ಬಾಯಿಮಾತಿನ ಭಾಗದಲ್ಲಿವೆ, ಇಲ್ಲವೇ ಹೊಲದ ಮೂಲೆಯಲ್ಲಿ ಪರಿವರ್ತನೆ ಇಲ್ಲದೆ ನಿಂತಿವೆ. 2013ರಲ್ಲಿ ಇ-ಸ್ವತ್ತು ಬಂತು, ನಮೂನೆ 9 ಮತ್ತು 11 ಅಂತ ಓಡಾಡಿಸಿದರು. 2020ರಲ್ಲಿ ಡ್ರೋನ್ ಹಾರಿಸಿ ಹಕ್ಕುಪತ್ರ ಕೊಡುತ್ತೇವೆ ಅಂತ ಸ್ವಾಮಿತ್ವ ಯೋಜನೆ ಬಂತು. ಕಾಗದ ಬಂದವರಿಗೂ ಬ್ಯಾಂಕಿನ ಬಾಗಿಲು ತಾನಾಗಿ ತೆರೆಯೋದಿಲ್ಲ.

ಆಗ ರೈತ ಏನು ಮಾಡುತ್ತಾನೆ? ಸೊಸೈಟಿಯ ಬೆಳೆಸಾಲ ಎತ್ತಿ ತಾರಸಿಗೆ ಸುರಿಯುತ್ತಾನೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಇಲ್ಲ; 2023ರಲ್ಲಿ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆದರೆ ಅದು ವರ್ಷಕ್ಕೆ ತೀರಬೇಕಾದ ಸಾಲ. ಮನೆ ಐವತ್ತು ವರ್ಷ ನಿಲ್ಲೋದು, ಸಾಲ ವರ್ಷದೊಳಗೆ ತೀರಬೇಕಾದ್ದು. ಎತ್ತನ್ನೂ ಕೋಣವನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ.

ಬೆಳೆಸಾಲ ಗೋಡೆಗೆ ಹೋಯಿತು. ಗೊಬ್ಬರಕ್ಕೆ ಅಂಗಡಿಯಲ್ಲಿ ಉದ್ರಿ. ಬೀಜಕ್ಕೆ ಮಂಡಿಯವನ ಮುಂಗಡ. ಸೊಸೈಟಿ ಸಾಲ ನವೀಕರಣಕ್ಕೆ ಎರಡು ದಿನದ ಕೈಗಡ. ಹೆಂಡತಿ ಹೆಸರಲ್ಲಿ ವಾರದ ಕಂತಿನ ಗುಂಪು ಸಾಲ. ಒಕ್ಕಣೆ ಮುಗಿದ ದಿನವೇ ಕಣದಲ್ಲಿ ಮಂಡಿಯವನ ಗಾಡಿ ನಿಂತಿರುತ್ತದೆ, ಅವನು ಹೇಳಿದ್ದೇ ಬೆಲೆ. ನೋಡಿ, ಮನೆಯ ಸಾಲ ಹೇಗೆ ಸುತ್ತಿಕೊಂಡು ಬಂದು ಬೆಳೆಯ ಬೆಲೆಯನ್ನೇ ಕಡಿಯಿತು! ಮನೆ ಬೇರೆ, ಬೆಲೆ ಬೇರೆ ಅಂತ ತಿಳಿದವರು ಇದನ್ನು ಯೋಚಿಸಬೇಕು.

ಇನ್ನೊಂದು ಮಾತಿದೆ. ರೈತನ ಮನೆ ಬರೀ ಮಲಗುವ ಜಾಗ ಅಲ್ಲ. ಹಳೇ ಮನೆಯಲ್ಲಿ ಅಟ್ಟ ಇತ್ತು, ಕಣಜ ಇತ್ತು, ಊರಲ್ಲಿ ಹಗೇವು ಇತ್ತು, ಒಳಗೇ ಕೊಟ್ಟಿಗೆ ಇತ್ತು. ಹಗೇವಿಗೆ ಇಳಿಸಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೆಲೆ ಬಿದ್ದಾಗ ಕಾಯುವ ತಾಕತ್ತು ನಮ್ಮ ಮನೆಯಲ್ಲೇ ಇತ್ತು. ಈಗ ಸರ್ಕಾರದ ಯೋಜನೆ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಸುಮಾರು 269 ಚದರ ಅಡಿ. ಅದರಲ್ಲಿ ನಾಲ್ಕು ಜನ ಮಲಗಿದರೆ ಚೀಲ ಇಡೋದೆಲ್ಲಿ? ಚೀಲ ಇಡೋದಕ್ಕೆ ಜಾಗ ಇಲ್ಲದವನು ಸುಗ್ಗಿಯ ಬೆಲೆಗೆ ಮಾರಲೇಬೇಕು. ಮನೆ ಕಿರಿದಾದಷ್ಟೂ ವ್ಯಾಪಾರಿಯ ಗೋದಾಮು ಹಿರಿದಾಯಿತು.

ಸಾಲ ಇದ್ದವನು ಶ್ರೀಮಂತನಂತೆ!

ಈಗ ಯೋಜನೆಯ ಮಾತಿಗೆ ಬರೋಣ. 1985-86ರಲ್ಲಿ ಇಂದಿರಾ ಆವಾಸ್ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ ಜನತಾ ಮನೆ, 1991-92ರಿಂದ ಆಶ್ರಯ, ಆಮೇಲೆ ಬಸವ ವಸತಿ. 2016ರಲ್ಲಿ ಇಂದಿರಾ ಆವಾಸ್ ಹೆಸರು ಬದಲಾಗಿ ಪ್ರಧಾನಮಂತ್ರಿ ಆವಾಸ್ ಆಯಿತು. ಬಯಲು ಸೀಮೆಗೆ 1,20,000 ರೂಪಾಯಿ. 2024ರ ಆಗಸ್ಟ್‌ನಲ್ಲಿ ಇನ್ನೂ ಎರಡು ಕೋಟಿ ಮನೆ ಅಂತ ಮುಂದುವರಿಸಿದಾಗಲೂ ಅದೇ 1,20,000 ರೂಪಾಯಿ. 2016-17ರಲ್ಲಿ ರಾಗಿ ಬೆಂಬಲ ಬೆಲೆ 1,725 ಇತ್ತು, 2025-26ಕ್ಕೆ 4,886 ಆಗಿದೆ. ಖರ್ಚು ಏರಿದೆ ಅಂತ ಒಪ್ಪಿಯೇ ತಾನೆ ಆ ಬೆಲೆ ಏರಿಸಿದ್ದು? ಹಾಗಿದ್ದ ಮೇಲೆ ಮನೆಯ ಹಣ ಮಾತ್ರ ಕಲ್ಲಿನ ಹಾಗೆ ಕೂತಿರೋದು ಯಾಕೆ?

ಸರ್ಕಾರಕ್ಕೆ ಮನೆಯ ಖರ್ಚು ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. 2019ರ ಆಗಸ್ಟ್ ನೆರೆಯಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೆಯ ಮನೆಗಳು ಕುಸಿದಾಗ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಅಂತ ಇದೇ ರಾಜ್ಯ ಸರ್ಕಾರ ಸಾರಿತು. ಬಿದ್ದ ಮನೆ ಎಬ್ಬಿಸೋದಕ್ಕೆ ಐದು ಲಕ್ಷ ಬೇಕು ಅಂತ ತಿಳಿದವರಿಗೆ, ಇಲ್ಲದ ಮನೆ ಕಟ್ಟೋದಕ್ಕೆ 1,20,000 ಸಾಲದು ಅಂತ ತಿಳಿಯದೇ?

ಅದಕ್ಕಿಂತ ದೊಡ್ಡ ಚೋದ್ಯ ಫಲಾನುಭವಿ ಆಯ್ಕೆಯ ನಿಯಮದಲ್ಲಿದೆ. ಯಾರ ಹೆಸರು ಪಟ್ಟಿಯಿಂದ ತಾನಾಗಿ ಬೀಳಬೇಕು ಅಂತ ಮೊದಲು 13 ಕಾರಣ ಬರೆದಿದ್ದರು. 2024ರಲ್ಲಿ ಸಡಿಲ ಮಾಡಿ 10 ಮಾಡಿದರು. ದ್ವಿಚಕ್ರ ವಾಹನ, ಫ್ರಿಜ್ಜು, ದೂರವಾಣಿ ಬಿಟ್ಟರು. ಒಳ್ಳೇದು. ಆದರೆ ಒಂದು ಕಾರಣ ಹಾಗೇ ಉಳಿದಿದೆ: 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲದ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವನಿಗೆ ಮನೆ ಇಲ್ಲ!

ಓದಿದವರು ಇದರ ಅರ್ಥ ಹೇಳಬೇಕು. ಸಾಲ ಪಡೆಯುವ ಕಾರ್ಡು ಆಸ್ತಿ ಯಾವಾಗ ಆಯಿತು? ಎರಡೆಕರೆ ಕಬ್ಬು ಹಾಕಿದವನ ಕಾರ್ಡಿನ ಮಿತಿ 50,000 ದಾಟುತ್ತದೆ. ಅವನು ಶ್ರೀಮಂತನೇ? ಮೀಟರ್ ಬಡ್ಡಿಗೆ ಹೋಗಬೇಡ, ಬ್ಯಾಂಕಿಗೆ ಬಾ ಅಂತ ಕರೆದವರೂ ಇವರೇ. ಬ್ಯಾಂಕಿಗೆ ಹೋದನೆಂದು ಮನೆಯ ಪಟ್ಟಿಯಿಂದ ಹೆಸರು ಹೊಡೆದವರೂ ಇವರೇ. ತಿಂಗಳಿಗೆ 15,000ಕ್ಕಿಂತ ಹೆಚ್ಚು ದುಡಿಯುವ ಒಬ್ಬ ಮನೆಯಲ್ಲಿದ್ದರೂ ಹೆಸರು ಹೋಯಿತು. ಮಗ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿ ಒಂದು ಕೋಣೆಯ ಬಾಡಿಗೆ ಕಟ್ಟಿ ಉಳಿದದ್ದು ಕಳಿಸಿದರೂ ಅಪ್ಪನ ಮನೆ ಹೋಯಿತು.

ಪಟ್ಟಣದ ನಿಯಮ ನೋಡಿ. 2024ರ ನಗರ ಆವಾಸ್ ಯೋಜನೆಯಲ್ಲಿ ವರ್ಷಕ್ಕೆ ಒಂಬತ್ತು ಲಕ್ಷ ವರಮಾನ ಇರುವ ಕುಟುಂಬಕ್ಕೂ ಗೃಹಸಾಲದ ಬಡ್ಡಿಯಲ್ಲಿ 1,80,000 ರೂಪಾಯಿವರೆಗೆ ಸಹಾಯ ಇದೆ. ಬೆಂಗಳೂರಿನಲ್ಲಿರುವ ಕೇಂದ್ರ ನೌಕರನಿಗೆ ಮೂಲ ಸಂಬಳದ ಶೇಕಡಾ 30 ಮನೆ ಬಾಡಿಗೆ ಭತ್ಯೆ. ಅವರಿಗೆ ಕೊಡಬೇಡಿ ಅಂತ ನಾನು ಹೇಳೋದಿಲ್ಲ. ದುಡಿಯುವವನಿಗೆ ಸೂರಿನ ಖರ್ಚೂ ಸಂಬಳದ ಭಾಗ ಅನ್ನೋ ನ್ಯಾಯ ಅಲ್ಲಿ ಒಪ್ಪಿದ್ದೀರಿ. ಅದೇ ನ್ಯಾಯ ರಾಗಿ, ಭತ್ತ, ಜೋಳ ಬೆಳೆಯುವವನಿಗೆ ಯಾಕಿಲ್ಲ ಅಂತ ಮಾತ್ರ ಕೇಳುತ್ತೇನೆ.

ಬೆಲೆ ಆಯೋಗದವರು ಉತ್ಪಾದನಾ ವೆಚ್ಚ ಬರೆಯುವಾಗ ಕೃಷಿ ಕಟ್ಟಡದ ಸವಕಳಿ ಅಂತ ಒಂದು ಬಾಬ್ತು ಹಾಕುತ್ತಾರೆ. ರೈತ ವಾಸ ಮಾಡುವ ಮನೆಗೆ ಅಲ್ಲಿ ಬಾಬ್ತು ಇಲ್ಲ. 2012ರ ಆಧಾರವರ್ಷದ ಬೆಲೆ ಸೂಚ್ಯಂಕದಲ್ಲಿ ಪಟ್ಟಣಕ್ಕೆ ವಸತಿ ಅಂತ ಒಂದು ಗುಂಪು ಇತ್ತು. ಹಳ್ಳಿಗೆ ಅದು ಇರಲೇ ಇಲ್ಲ. ವರ್ಷಗಟ್ಟಲೆ ಸರ್ಕಾರದ ಲೆಕ್ಕದಲ್ಲಿ ಹಳ್ಳಿಯವನು ಬಯಲಲ್ಲೇ ಬದುಕಿದ.

ಎರಡು ಆಕ್ಷೇಪಣೆ

ಒಂದು: 'ಭೂಮಿ ಇರೋ ನಿಮಗ್ಯಾಕೆ, ಭೂಮಿ ಇಲ್ಲದವರಿಗೆ ಮೊದಲು ಆಗಲಿ' ಅಂತಾರೆ. ಖಂಡಿತ ಆಗಲಿ. ನಮ್ಮ ಹೊಲದಲ್ಲಿ ದುಡಿಯುವ ಕೂಲಿಯವನ ಮನೆ ಮೊದಲು ಆಗಬೇಕು. ಅವನ ಪಾಲಿಗೆ ರೈತ ಕೈ ಹಾಕಬಾರದು, ಪಂಚಾಯ್ತಿಯಲ್ಲಿ ಕೂತ ನಮ್ಮವರು ಹಾಕಿದ್ದರೆ ಅದನ್ನು ನಾವೇ ತಡೆಯಬೇಕು. ನಾವು ಕೇಳೋದು ದಾನ ಅಲ್ಲ. ಬೆಳೆಗೆ ಬೆಲೆ, ಮನೆಗೆ ದೀರ್ಘಾವಧಿ ಸಾಲ.

ಎರಡು: 'ಹಳೇ ಕಾಲದ ಹಾಗೆ ಮಣ್ಣಿನ ಮನೆ ಕಟ್ಟಿಕೊಳ್ಳಿ, ತಂಪು, ಅಗ್ಗ' ಅಂತಾರೆ. ಮಾತು ಪೂರ್ತಿ ಸುಳ್ಳಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಅಂತ ವಿಭಾಗ ತೆರೆದು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಮಾಡಿ ತೋರಿಸಿದರು. ಸುಡೋದು ಬೇಡ, ಸೌದೆ ಬೇಡ. ಅದನ್ನು ಹಳ್ಳಿ ಹಳ್ಳಿಗೆ ತಲುಪಿಸಬೇಕಾದ್ದು ಸರ್ಕಾರ. ಆದರೆ ಗಣತಿಯ ಪುಸ್ತಕದಲ್ಲಿ ಮಣ್ಣಿನ ಗೋಡೆ ಅಂದರೆ ಕಚ್ಚಾ. ಹೆಣ್ಣು ಕೊಡೋರು ಬಂದರೆ ಮೊದಲು ನೋಡೋದು ತಾರಸಿ ಇದೆಯಾ ಅಂತ. ಬೇಸಾಯ ಮಾಡೋ ಹುಡುಗರಿಗೆ ಹೆಣ್ಣು ಸಿಗದ ಈ ಕಾಲದಲ್ಲಿ ತಾರಸಿ ಅನ್ನೋದು ಷೋಕಿ ಅಲ್ಲ, ವಂಶದ ಪ್ರಶ್ನೆ ಆಗಿ ಕೂತಿದೆ. ನಗರದ ಶ್ರೀಮಂತ ಮಣ್ಣಿನ ಮನೆ ಕಟ್ಟಿದರೆ ಪತ್ರಿಕೆಯಲ್ಲಿ ಫೋಟೋ, ರೈತ ಕಟ್ಟಿದರೆ ಮಗನಿಗೆ ಮದುವೆ ಇಲ್ಲ.

ನಮ್ಮೊಳಗೂ ಒಂದು ಮಾತು ಆಡಿಕೊಳ್ಳಬೇಕು. ಪಕ್ಕದವನು ಎರಡು ಅಂತಸ್ತು ಎಬ್ಬಿಸಿದ ಅಂತ ನಾವೂ ಬುನಾದಿ ಅಗಲ ಮಾಡುವುದು ಬೇಡ. ಕೊಟ್ಟಿಗೆ, ಕಣಜ, ಅಟ್ಟ ಕಿತ್ತು ಷೋಕೇಸು ಮಾಡುವುದು ಬೇಡ. ಚೀಲ ಇಡುವ ಕೋಣೆ ಮೊದಲು, ಅತಿಥಿ ಕೂರುವ ಕೋಣೆ ಆಮೇಲೆ.

ತಿಳಿದಿರಬೇಕಾದ ಕಾನೂನು

2025ರ ಆರಂಭದಲ್ಲಿ ಕಿರು ಸಾಲದ ಕಂಪನಿಗಳ ವಸೂಲಿಗಾರರು ಬಾಗಿಲಿಗೆ ಬೀಗ ಹಾಕಿದ್ದು, ಗೋಡೆಯ ಮೇಲೆ ಅಡವಿನ ಬರಹ ಬರೆದದ್ದು ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದಕ್ಕಿಂತ ಬಹಳ ಹಳೆಯ ರಕ್ಷಣೆ ಒಂದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ರೈತ ಅಥವಾ ಕೂಲಿಗಾರ ತಾನೇ ವಾಸವಿರುವ ಮನೆಯನ್ನು ಸಾಲದ ಡಿಕ್ರಿಗಾಗಿ ಜಪ್ತಿ ಮಾಡುವ ಹಾಗಿಲ್ಲ. ಬ್ರಿಟಿಷರೇ ಬರೆದಿಟ್ಟ ಕಾನೂನು. ಆದರೆ ಮನೆಯನ್ನೇ ಅಡವು ಬರೆದುಕೊಟ್ಟರೆ ಈ ರಕ್ಷಣೆ ಕೈಗೆ ಬಾರದು. ಆದ್ದರಿಂದ ಯಾವ ಕಾಗದಕ್ಕೆ ರುಜು ಹಾಕುತ್ತಿದ್ದೀರಿ ಅಂತ ಓದಿಸಿ ಕೇಳಿ ಹಾಕಿ. 1980ರಲ್ಲಿ ನರಗುಂದ ನವಲಗುಂದದ ಬೆಂಕಿಯಿಂದ ಎದ್ದ ಚಳವಳಿ ಆ ದಶಕದಲ್ಲಿ ಜಪ್ತಿಗೆ ಬಂದವರನ್ನು ಊರ ಬಾಗಿಲಲ್ಲೇ ನಿಲ್ಲಿಸಿತ್ತು. ಈ ಕಲಮನ್ನು ಅದೇ ಊರ ಬಾಗಿಲ ಬೋರ್ಡಿನ ಮೇಲೆ ಬರೆಯಬೇಕು.

ನಾವು ಕೇಳಬೇಕಾದ್ದು

ಒಂದು, ಕಿಸಾನ್ ಕಾರ್ಡಿನ ಸಾಲದ ಮಿತಿಯನ್ನು ಶ್ರೀಮಂತಿಕೆಯ ಗುರುತು ಅಂತ ಎಣಿಸುವ ನಿಯಮ ತೆಗೆಯಬೇಕು. ಎರಡು, ಲೋಕೋಪಯೋಗಿ ಇಲಾಖೆ ಗುತ್ತಿಗೆದಾರನಿಗೆ ದರಪಟ್ಟಿ ಬದಲಾಯಿಸಿದ ಹಾಗೆಲ್ಲ ಬಡವನ ಮನೆಯ ಹಣವೂ ಬದಲಾಗಬೇಕು. ಮೂರು, ಸಹಕಾರ ಬ್ಯಾಂಕುಗಳ ಮೂಲಕ ರೈತನಿಗೆ ಇಪ್ಪತ್ತು ವರ್ಷದ ಗೃಹಸಾಲ ಬೇಕು. ಕಂತು ತಿಂಗಳಿಗಲ್ಲ, ಸುಗ್ಗಿಗೆ. ಬರ ಅಂತ ಸಾರಿದ ವರ್ಷ ಕಂತು ಇಲ್ಲ. ನಾಲ್ಕು, ಆ ಮನೆಯ ನಕ್ಷೆಯಲ್ಲಿ ಧಾನ್ಯ ಇಡುವ ಕೋಣೆ, ಕೊಟ್ಟಿಗೆ ಸೇರಿರಬೇಕು. ಐದು, ಬೆಲೆ ಆಯೋಗ ಬೆಲೆ ಕಟ್ಟುವಾಗ ರೈತನ ವಾಸದ ಖರ್ಚನ್ನೂ ಬರೆಯಬೇಕು.

ಗಣತಿಯ ಪುಸ್ತಕ ಹಿಡಿದು ಬಂದವರಿಗೆ ಕೇಳಿದ್ದಕ್ಕೆ ನಿಜವನ್ನೇ ಹೇಳಿ, ಚಹಾ ಕೊಡಿ. ಅವರು ನಮ್ಮ ಹಾಗೇ ದುಡಿಯುವವರು. ಅವರು ಕೇಳದ ಪ್ರಶ್ನೆಯ ಉತ್ತರವನ್ನು ನಮ್ಮ ಸಂಘವೇ ಬರೆದಿಡಬೇಕು. ಪ್ರತಿ ಊರಿನ ಘಟಕವೂ ಒಂದು ನೋಟುಪುಸ್ತಕ ತೆಗೆದುಕೊಂಡು, ಕಳೆದ ಹತ್ತು ವರ್ಷದಲ್ಲಿ ಎದ್ದ ಮನೆಗಳೆಷ್ಟು, ಖರ್ಚೆಷ್ಟು, ಯಾವ ಸಾಲದಿಂದ, ಇನ್ನೂ ಬಾಕಿ ಎಷ್ಟು ಅಂತ ಮನೆ ಮನೆ ಕೇಳಿ ಬರೆಯಲಿ. ಮರ್ಯಾದೆಗೆ ಅಂಜಿ ಯಾರೂ ಮುಚ್ಚಿಡಬೇಡಿ. ತಾಲ್ಲೂಕು ತಾಲ್ಲೂಕಿನ ಲೆಕ್ಕ ಸೇರಿಸಿ ಮಂತ್ರಿಯ ಮೇಜಿನ ಮೇಲೆ ಇಡೋಣ. ನಮ್ಮ ಬಾಯಿಮಾತಿಗೆ ಅವರು ಹತ್ತು ಸಬೂಬು ಹೇಳಬಹುದು. ಊರೂರಿನ ಲೆಕ್ಕಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.